ನಗರದ ಗಾಳಿಯೂ ತಾಯಿಯ ಒಡಲೂ

ಬೆಂಗಳೂರಿನ ಹಳೆಯ ಕೋಟೆಯ ಪ್ರದೇಶದಲ್ಲಿ, ಕೃಷ್ಣರಾಜೇಂದ್ರ ರಸ್ತೆಯ ಮಗ್ಗುಲಿಗೆ, ವಾಣಿ ವಿಲಾಸ ಆಸ್ಪತ್ರೆಯಿದೆ. ೧೯೩೫ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾಗಿ ತೆರೆದ ಈ ಆಸ್ಪತ್ರೆಗೆ ನಗರದ ಬಡ ಕುಟುಂಬದವರೂ ಸುತ್ತಲಿನ ಜಿಲ್ಲೆಗಳವರೂ ಇಂದಿಗೂ ಹೆರಿಗೆಗಾಗಿ ಬರುತ್ತಾರೆ. ಅಲ್ಲಿಂದ ಅನತಿ ದೂರದಲ್ಲಿ ಮಾರುಕಟ್ಟೆಯ ಚೌಕ. ಒಂದು ಪಕ್ಕಕ್ಕೆ ಚಾಮರಾಜಪೇಟೆ, ದಕ್ಷಿಣಕ್ಕೆ ಬಸವನಗುಡಿ. ಬಸ್ಸು, ಲಾರಿ, ಆಟೋರಿಕ್ಷಾಗಳು ಬೆಳಗಿನಿಂದ ರಾತ್ರಿಯವರೆಗೆ ಇಲ್ಲಿ ಒಂದನ್ನೊಂದು ಒತ್ತಿಕೊಂಡು ಸಾಗುತ್ತವೆ. ತುಂಬು ಬಸುರಿಯೊಬ್ಬಳು ಈ ರಸ್ತೆಯನ್ನು ದಾಟಲು ಕಾದು ನಿಂತಿದ್ದಾಳೆ ಎಂದು ಭಾವಿಸೋಣ. ಆಕೆ ಆಗ ಸೇವಿಸುವ ಹೊಗೆ ಆಕೆಯ ಶ್ವಾಸಕೋಶದಲ್ಲಿಯೇ ನಿಂತುಬಿಡುವುದೇ, ಅಥವಾ ಒಡಲಿನಲ್ಲಿರುವ ಕೂಸಿನವರೆಗೂ ಹೋಗುವುದೇ? ಹೋದರೆ ಅದರಿಂದಾಗುವ ಕೇಡೇನು? ಈ ಪ್ರಶ್ನೆಗಳಿಗೆ ಕಳೆದ ಕೆಲವು ವರ್ಷಗಳಲ್ಲಿ ವಿಜ್ಞಾನವು ಬಹುಮಟ್ಟಿಗೆ ಉತ್ತರ ಹೇಳಿದೆ. ಅದನ್ನು ಕ್ರಮವಾಗಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಗಾಳಿಗಾಗಿ ಕಟ್ಟಿದ ಬಡಾವಣೆಗಳು

ಮೊದಲು ಸ್ವಲ್ಪ ಇತಿಹಾಸ. ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದು ನೆಲೆಸಲೆಂದು ೧೮೯೨ರಲ್ಲಿ ಚಾಮರಾಜಪೇಟೆಯ ಬಡಾವಣೆಯಾಯಿತು. ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಕಿರಿದಾದ ಗಲ್ಲಿಗಳಲ್ಲಿ ಅದು ಹರಡಿದ ವೇಗವನ್ನು ಕಂಡ ಮೇಲೆ ಬಸವನಗುಡಿ, ಮಲ್ಲೇಶ್ವರಗಳ ನಿರ್ಮಾಣಕ್ಕೆ ಒತ್ತು ಬಿದ್ದಿತು. ಅಗಲವಾದ ನೇರ ರಸ್ತೆಗಳು, ಮನೆಗಳ ಹಿಂದೆ ಕಸ ಸಾಗಿಸುವ ಓಣಿಗಳು, ಸಾಲುಮರಗಳು, ಪ್ರತಿ ಮನೆಗೂ ಗಾಳಿ ಬೆಳಕು, ಇವೇ ಆ ಯೋಜನೆಯ ತಿರುಳು. ಮಲ್ಲೇಶ್ವರದ ಎರಡು ಮುಖ್ಯ ಬೀದಿಗಳಿಗೆ ಇಂದಿಗೂ ಮರಗಳ ಹೆಸರೇ ಇದೆ: ಒಂದು ಸಂಪಿಗೆ ರಸ್ತೆ, ಇನ್ನೊಂದು ಬೇವಿನ ಮರದ ಹೆಸರನ್ನು ಹೊತ್ತ ಮಾರ್ಗೋಸಾ ರಸ್ತೆ.

ಪ್ಲೇಗು ಗಾಳಿಯ ಕೇಡಿನಿಂದ ಬರುತ್ತದೆಂದು ಆಗ ಅನೇಕರು ನಂಬಿದ್ದರು. ವಾಸ್ತವವಾಗಿ ಅದರ ಕಾರಣ ಒಂದು ಬ್ಯಾಕ್ಟೀರಿಯ. ೧೮೯೪ರಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಅದನ್ನು ಹಾಂಕಾಂಗಿನಲ್ಲಿ ಗುರುತಿಸಿದ್ದನು. ಇಲಿಯ ಮೈಮೇಲಿನ ಚಿಗಟವು ಅದನ್ನು ಹರಡುತ್ತದೆಂಬುದನ್ನು ಸಿಮೊನ್ ಎಂಬಾತ ತೋರಿಸಿದ್ದು ನಮ್ಮ ಊರಿಗೆ ಪ್ಲೇಗು ಬಂದ ೧೮೯೮ರಲ್ಲಿಯೇ. ಅಂದರೆ ಗಾಳಿಯ ಮೇಲೆ ಹೊರಿಸಿದ ಆಪಾದನೆ ಆ ರೋಗದ ಮಟ್ಟಿಗೆ ಸುಳ್ಳಾಗಿತ್ತು. ಆದರೆ ಅದೇ ಬಡಾವಣೆಗಳಲ್ಲಿ ಇಂದು ಗಾಳಿಯ ಮೇಲೆ ಬೇರೊಂದು ಆಪಾದನೆಯಿದೆ. ಈ ಸಲ ಸಾಕ್ಷ್ಯವೂ ಇದೆ.

ಹಿಂದಿನ ಗಾಳಿ ಶುದ್ಧವಾಗಿತ್ತು, ಇಂದಿನದು ಮಾತ್ರ ಕೆಟ್ಟಿತು ಎಂದು ಹೇಳುವುದೂ ಸರಿಯಲ್ಲ. ಸೌದೆಯ ಒಲೆ, ಇದ್ದಿಲು, ಬಚ್ಚಲ ಹಂಡೆಯ ಕೆಳಗೆ ಉರಿಯುವ ತೆಂಗಿನ ಗರಿ, ಇವುಗಳ ಹೊಗೆಯನ್ನು ಕುಡಿದವರು ಬಹುಪಾಲು ಹೆಂಗಸರೇ. ನಗರದ ಅಡುಗೆಮನೆಯಿಂದ ಆ ಹೊಗೆ ಬಹುಮಟ್ಟಿಗೆ ತೊಲಗಿದೆ. ಬೀದಿಯಲ್ಲಿ ಹೊಸ ಹೊಗೆ ಹುಟ್ಟಿದೆ. ಬೆಂಗಳೂರಿನಲ್ಲಿ ನೋಂದಾಯಿತವಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ.

ಕಣ್ಣಿಗೆ ಕಾಣದ ದೂಳು

ನಗರದ ಗಾಳಿಯಲ್ಲಿ ನೈಟ್ರೊಜನ್ ಡೈ ಆಕ್ಸೈಡ್, ಇಂಗಾಲದ ಮೊನಾಕ್ಸೈಡ್, ಓಜೋನ್ ಮುಂತಾದ ಅನಿಲಗಳಿರುವುವು. ಇವುಗಳಿಗಿಂತ ಹೆಚ್ಚಾಗಿ ವಿಜ್ಞಾನಿಗಳ ಗಮನ ಸೆಳೆದಿರುವುದು ಸೂಕ್ಷ್ಮ ಕಣ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು ೫೦ರಿಂದ ೭೦ ಮೈಕ್ರಾನ್. ರಸ್ತೆಯಿಂದ ಏಳುವ ದೂಳಿನ ದಪ್ಪ ಕಣಗಳನ್ನು ಮೂಗು ಗಂಟಲುಗಳೇ ತಡೆಯುತ್ತವೆ. ೨.೫ ಮೈಕ್ರಾನಿಗಿಂತ ಸಣ್ಣ ಕಣಗಳು ಆ ಕಾವಲನ್ನು ತಪ್ಪಿಸಿಕೊಂಡು ಶ್ವಾಸಕೋಶದ ಅತ್ಯಂತ ಒಳಗಿನ ಗಾಳಿಗೂಡುಗಳನ್ನು ಮುಟ್ಟುತ್ತವೆ. ಡೀಸೆಲ್ ಎಂಜಿನ್ನಿನ ಮಸಿಯ ಕಣಗಳು ಇನ್ನೂ ಸಣ್ಣವು. ಅವುಗಳಲ್ಲಿ ಹಲವು ೦.೧ ಮೈಕ್ರಾನಿಗಿಂತಲೂ ಕಿರಿದಾಗಿರುವುವು.

ಈ ೨.೫ ಮೈಕ್ರಾನಿನ ಒಳಗಣ ಕಣಗಳನ್ನು ಅಳೆಯುವುದು ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೊಗ್ರಾಂ ಇವೆ ಎಂಬ ಲೆಕ್ಕದಲ್ಲಿ. ಭಾರತದಲ್ಲಿ ೨೦೦೯ರಲ್ಲಿ ಗೊತ್ತುಮಾಡಿದ ಮಿತಿ ವಾರ್ಷಿಕ ಸರಾಸರಿ ೪೦. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಸೂಚಿಸಿದ್ದು ಕೇವಲ ೫. ಬೆಂಗಳೂರಿನ ಸರಾಸರಿ ಇತ್ತೀಚಿನ ವರ್ಷಗಳಲ್ಲಿ ೩೦ರ ಆಸುಪಾಸಿನಲ್ಲಿದೆ. ದೇಶದ ಮಿತಿಯೊಳಗಿದ್ದರೂ ಅದು ವಿಶ್ವ ಸಂಸ್ಥೆಯ ಸೂಚನೆಯ ಹಲವು ಮಡಿಯೆಂಬುದನ್ನು ಮರೆಯಲಾಗದು. ಅಲ್ಲದೆ ಸರಾಸರಿ ಎಂಬುದು ಇಡೀ ನಗರದ್ದು. ವಾಹನಗಳು ನಿಂತು ಹೊರಡುವ ಚೌಕದಲ್ಲಿ ಅದಕ್ಕಿಂತ ಹೆಚ್ಚಿರುವುದು ಸಹಜ.

ಕಾಲವೂ ಇಲ್ಲಿ ಮುಖ್ಯ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಗುಲಿದ ಗಾಳಿಯೂ ತಣ್ಣಗಾಗುತ್ತದೆ. ಮೇಲಿನ ಬೆಚ್ಚನೆಯ ಪದರ ಮುಚ್ಚಳದಂತೆ ಕುಳಿತು ಹೊಗೆಯನ್ನು ಕೆಳಗೇ ಹಿಡಿದಿಡುತ್ತದೆ. ಆ ಮುಚ್ಚಳ ಕಳಚುವುದು ಬಿಸಿಲೇರಿದ ಮೇಲೆ. ಅದಕ್ಕೆ ಮೊದಲು, ಬೆಳಗಿನ ಜಾವದಲ್ಲಿ, ಬೀದಿಗಳನ್ನು ಗುಡಿಸುವ ಪೌರಕಾರ್ಮಿಕರಲ್ಲಿ ಹೆಚ್ಚಿನವರು ಹೆಂಗಸರು. ಅವರ ಕೈಯ ಪೊರಕೆಯೇ ಮತ್ತಷ್ಟು ದೂಳನ್ನು ಎಬ್ಬಿಸುವುದು.

ಮೂಗಿನಿಂದ ಮಾಸಿನವರೆಗೆ

ವಿಶ್ರಾಂತಿಯಲ್ಲಿರುವ ವ್ಯಕ್ತಿ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಲೀಟರು ಗಾಳಿಯನ್ನು ಉಸಿರಾಡುತ್ತಾನೆ. ಗರ್ಭಿಣಿಯ ದೇಹದಲ್ಲಿ ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಮಿದುಳಿನ ಉಸಿರಾಟದ ಕೇಂದ್ರವನ್ನು ಪ್ರಚೋದಿಸುವುದರಿಂದ ಪ್ರತಿಯೊಂದು ಉಸಿರೂ ಆಳವಾಗುತ್ತದೆ. ನಿಮಿಷಕ್ಕೆ ಒಳಹೋಗುವ ಗಾಳಿ ನೂರಕ್ಕೆ ೩೦ರಿಂದ ೫೦ರಷ್ಟು ಹೆಚ್ಚುತ್ತದೆ. ಇಬ್ಬರಿಗೆ ಬೇಕಾದ ಆಮ್ಲಜನಕವನ್ನು ಒದಗಿಸಲು ಪ್ರಕೃತಿ ಮಾಡಿದ ಏರ್ಪಾಡು ಇದು. ಆದರೆ ಗಾಳಿಯಲ್ಲಿ ವಿಷವಿದ್ದರೆ ಅದರ ಪಾಲೂ ಅಷ್ಟರಮಟ್ಟಿಗೆ ಹೆಚ್ಚುವುದು.

ಗಾಳಿಗೂಡುಗಳನ್ನು ತಲಪಿದ ಕಣಗಳು ಎರಡು ಬಗೆಯಲ್ಲಿ ಕೇಡು ಮಾಡಬಲ್ಲವು. ಒಂದು, ಅವು ಅಲ್ಲಿ ಉರಿಯೂತವನ್ನು ಎಬ್ಬಿಸುತ್ತವೆ. ದೇಹದ ರಕ್ಷಕ ಕೋಶಗಳು ಹೊರಸೂಸುವ ರಾಸಾಯನಿಕ ಸಂದೇಶಗಳು ರಕ್ತದಲ್ಲಿ ಎಲ್ಲೆಡೆಗೂ ಹರಿದು, ರಕ್ತನಾಳಗಳ ಒಳಪೊರೆಯನ್ನು ಕೆಣಕುತ್ತವೆ. ಎರಡು, ಅತಿ ಸಣ್ಣ ಕಣಗಳು ಗಾಳಿಗೂಡಿನ ತೆಳುಗೋಡೆಯನ್ನು ದಾಟಿ ತಾವೇ ರಕ್ತವನ್ನು ಸೇರುತ್ತವೆ.

ಇನ್ನು ಮಾಸಿನ ವಿಚಾರ. ತಾಯಿಗೂ ಶಿಶುವಿಗೂ ನಡುವೆ ಕೊಡುಕೊಳ್ಳುವ ವ್ಯಾಪಾರವೆಲ್ಲ ನಡೆಯುವುದು ಇದರ ಮೂಲಕ. ತುಂಬಿದ ತಿಂಗಳಿನಲ್ಲಿ ಅದರ ತೂಕ ಸುಮಾರು ಅರ್ಧ ಕಿಲೋಗ್ರಾಂ. ಅದರೊಳಗಿನ ಕವಲು ಕವಲಾದ ಎಳೆಗಳ ಮೇಲ್ಮೈಯನ್ನು ಬಿಡಿಸಿ ಹಾಸಿದರೆ ಹತ್ತು ಚದರ ಮೀಟರಿಗೂ ಮಿಗಿಲಾದೀತು. ತಾಯಿಯ ರಕ್ತ ಈ ಎಳೆಗಳ ಸುತ್ತ ಹರಿಯುತ್ತದೆ. ಶಿಶುವಿನ ರಕ್ತ ಅವುಗಳ ಒಳಗೆ. ಎರಡು ರಕ್ತಗಳೂ ಬೆರೆಯುವುದಿಲ್ಲ. ತಾಯಿಯ ರಕ್ತನಾಳಗಳು ಮಾಸಿನ ಕಡೆಗೆ ಸರಿಯಾಗಿ ಅಗಲವಾಗದಿದ್ದರೆ ಶಿಶುವಿಗೆ ಪೋಷಣೆ ತಗ್ಗುತ್ತದೆ. ತಾಯಿಗೆ ರಕ್ತದ ಒತ್ತಡ ಏರುವುದೂ ಉಂಟು. ಇಂಗಾಲದ ಮೊನಾಕ್ಸೈಡಿನ ಕೇಡು ಬೇರೆಯದು. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಶಿಶುವಿನ ರಕ್ತದಿಂದ ಅದು ಬಿಟ್ಟುಹೋಗಲು ತಾಯಿಯ ರಕ್ತಕ್ಕಿಂತ ಹೆಚ್ಚು ಕಾಲ ಬೇಕು.

ಮಾಸು ಗಟ್ಟಿಯಾದ ಕೋಟೆ, ಮಸಿ ಅದನ್ನು ದಾಟಲಾರದು ಎಂದು ಬಹುಕಾಲ ಭಾವಿಸಲಾಗಿತ್ತು. ೨೦೧೯ರಲ್ಲಿ ಬೆಲ್ಜಿಯಂ ದೇಶದ ಹ್ಯಾಸೆಲ್ಟ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಲೇಸರ್ ಬೆಳಕಿನ ನೆರವಿನಿಂದ ಹೆರಿಗೆಯಾದ ಸ್ತ್ರೀಯರ ಮಾಸುಗಳನ್ನು ಪರೀಕ್ಷಿಸಿದರು. ಶಿಶುವಿನ ಕಡೆಯ ಮಗ್ಗುಲಿನಲ್ಲಿಯೇ ಮಸಿಯ ಕಣಗಳು ಕಂಡುಬಂದುವು. ಹೆಚ್ಚು ಹೊಗೆಯ ಪ್ರದೇಶದಲ್ಲಿ ವಾಸವಾಗಿದ್ದವರಲ್ಲಿ ಅವು ಹೆಚ್ಚಾಗಿದ್ದುವು. ೨೦೨೨ರಲ್ಲಿ ಅವರೂ ಸ್ಕಾಟ್ಲೆಂಡಿನ ಆಬರ್ಡೀನಿನ ವಿಜ್ಞಾನಿಗಳೂ ಕೂಡಿ, ಮೊದಲ ಆರು ತಿಂಗಳ ಭ್ರೂಣಗಳ ಯಕೃತ್ತು, ಶ್ವಾಸಕೋಶ, ಮಿದುಳುಗಳಲ್ಲಿಯೂ ಮಸಿಯನ್ನು ಕಂಡರು. ಅಂದರೆ ಮೊದಲ ಉಸಿರನ್ನು ಎಳೆಯುವ ಮುನ್ನವೇ ಆ ಶ್ವಾಸಕೋಶಗಳಿಗೆ ಬೀದಿಯ ಮಸಿ ತಲಪಿತ್ತು! ಲೇಖನದ ಮೊದಲಿನ ಪ್ರಶ್ನೆಗೆ ಉತ್ತರ ಇಲ್ಲಿದೆ: ಹೋಗುವುದು.

ಗರ್ಭಕ್ಕೆ ಮೊದಲೇ

ಸ್ತ್ರೀಯ ಆರೋಗ್ಯವೆಂದರೆ ಬಸಿರು ಮಾತ್ರವಲ್ಲ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತು ಇಪ್ಪತ್ತು ಲಕ್ಷ ಅಂಡಕೋಶಗಳಿರುತ್ತವೆ. ಪ್ರಾಯಕ್ಕೆ ಬರುವ ವೇಳೆಗೆ ಉಳಿಯುವುದು ಮೂರು ನಾಲ್ಕು ಲಕ್ಷ. ಜೀವಮಾನದಲ್ಲಿ ಪಕ್ವವಾಗಿ ಹೊರಬರುವುದು ನಾನೂರು ಐನೂರು. ಈ ಗಂಟು ಕರಗಬಹುದಲ್ಲದೆ ಬೆಳೆಯುವುದಿಲ್ಲ. ಹೊಗೆಯಲ್ಲಿರುವ ಕೆಲವು ಸಂಯುಕ್ತಗಳು ಅಂಡಕೋಶಗಳನ್ನು ಬೇಗ ಸವೆಸುತ್ತವೆಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತಿಳಿದಿದೆ. ಸಿಗರೇಟು ಸೇದುವ ಸ್ತ್ರೀಯರಲ್ಲಿ ಮುಟ್ಟು ನಿಲ್ಲುವ ಕಾಲ ಒಂದೆರಡು ವರ್ಷ ಮೊದಲೇ ಬರುವುದು ಪ್ರಸಿದ್ಧವಾದ ಸಂಗತಿ.

ಬೀದಿಯ ಹೊಗೆ ಸಿಗರೇಟಿನಷ್ಟು ದಟ್ಟವಲ್ಲ. ಆದರೂ ಅಮೆರಿಕದಲ್ಲಿ ೩೬ ಸಾವಿರಕ್ಕೂ ಹೆಚ್ಚು ದಾದಿಯರನ್ನು ಹತ್ತು ವರ್ಷ ಗಮನಿಸಿ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆದ್ದಾರಿಗೆ ೨೦೦ ಮೀಟರಿನೊಳಗೆ ವಾಸಿಸಿದವರಿಗೆ ಬಸಿರು ನಿಲ್ಲಲು ತೊಡಕಾಗುವ ಸಂಭವ ಉಳಿದವರಿಗಿಂತ ನೂರಕ್ಕೆ ೧೧ರಷ್ಟು ಹೆಚ್ಚಾಗಿತ್ತು. ಬಸಿರಿಳಿಯುವುದರ ಬಗೆಗೂ ಲೆಕ್ಕವಿದೆ. ೨೦೨೧ರಲ್ಲಿ ಪ್ರಕಟವಾದ ಒಂದು ಗಣನೆಯಂತೆ, ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ ನಡೆಯುವ ಗರ್ಭನಷ್ಟಗಳಲ್ಲಿ ನೂರಕ್ಕೆ ಸುಮಾರು ೭ರಷ್ಟಕ್ಕೆ ೪೦ರ ಮಿತಿಯನ್ನು ಮೀರಿದ ಸೂಕ್ಷ್ಮ ಕಣಗಳು ಕಾರಣವೆನ್ನಬಹುದು. ಇದು ಎಣಿಕೆಯಲ್ಲ, ಅಂದಾಜು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಹತ್ತು ಗ್ರಾಮಿನ ಲೆಕ್ಕ

ಹುಟ್ಟುವಾಗ ೨,೫೦೦ ಗ್ರಾಮಿಗಿಂತ ಕಡಮೆಯಿರುವ ಕೂಸನ್ನು ಕಡಮೆ ತೂಕದ್ದೆನ್ನುವರು. ಚೆನ್ನೈಯ ಸಂಶೋಧಕರು ತಮಿಳುನಾಡಿನಲ್ಲಿ ೧,೨೮೫ ಗರ್ಭಿಣಿಯರನ್ನು ಅಭ್ಯಸಿಸಿ ೨೦೧೮ರಲ್ಲಿ ಫಲಿತಾಂಶ ನೀಡಿದರು. ಸೂಕ್ಷ್ಮ ಕಣಗಳ ಪ್ರಮಾಣ ೧೦ ಮೈಕ್ರೊಗ್ರಾಂ ಏರಿದರೆ ಶಿಶುವಿನ ತೂಕ ಸರಾಸರಿ ೪ ಗ್ರಾಂ ತಗ್ಗುವುದು. ಕಡಮೆ ತೂಕದ ಶಿಶುಗಳು ನೂರಕ್ಕೆ ೨ರಷ್ಟು ಹೆಚ್ಚುವುದು. ಈ ಲೆಕ್ಕವನ್ನು ಬೆಂಗಳೂರಿಗೆ ಹೊಂದಿಸಿ ನೋಡೋಣ. ೩೦ರಿಂದ ೫ಕ್ಕೆ ಇಳಿಸಿದರೆ ವ್ಯತ್ಯಾಸ ೨೫. ಅಂದರೆ ೧೦ ಗ್ರಾಂ. ಎರಡು ಟೀ ಚಮಚ ಸಕ್ಕರೆಯ ತೂಕ!

ಇಷ್ಟಕ್ಕೇ ಇಷ್ಟು ಗದ್ದಲವೇ ಎಂದು ಯಾರಾದರೂ ಕೇಳಬಹುದು. ಒಂದು ಕೂಸಿನ ಮಟ್ಟಿಗೆ ಹತ್ತು ಗ್ರಾಂ ಏನೂ ಅಲ್ಲ, ನಿಜ. ಆದರೆ ಇದು ಸರಾಸರಿ. ಗಟ್ಟಿಯಾದ ತಾಯಂದಿರ ಕೂಸುಗಳಿಗೆ ಏನೂ ಆಗದೆ, ರಕ್ತಹೀನತೆಯಿಂದ ಬಳಲುವ ಕೆಲವರ ಕೂಸುಗಳಿಗೆ ಬಹಳವಾಗಿ ಆಗಿದ್ದರೂ ಸರಾಸರಿ ಅಷ್ಟೇ ಬರುವುದು. ಅಲ್ಲದೆ ಗಾಳಿಯನ್ನು ಸೇವಿಸದ ತಾಯಿ ಯಾರೂ ಇಲ್ಲ. ಇಡೀ ಊರಿನ ತಕ್ಕಡಿ ಹತ್ತು ಗ್ರಾಂ ಕೆಳಗೆ ಸರಿದರೆ, ಗೆರೆಯ ಅಂಚಿನಲ್ಲಿದ್ದ ಎಷ್ಟೋ ಕೂಸುಗಳು ಗೆರೆಯಿಂದ ಕೆಳಕ್ಕೆ ಬೀಳುವುವು. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ತೂಕ ನೋಡಿದ ಶಿಶುಗಳಲ್ಲಿ ನೂರಕ್ಕೆ ೧೮ ಈಗಾಗಲೇ ಆ ಗೆರೆಯ ಕೆಳಗಿವೆ.

ತೂಕದ ನೆರಳು ಎಷ್ಟು ಉದ್ದವೆಂಬುದಕ್ಕೆ ನಮ್ಮ ಮೈಸೂರಿನಲ್ಲಿಯೇ ನಿದರ್ಶನವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆಯೆನ್ನುವಲ್ಲಿ, ೧೯೩೪ರಿಂದ ೧೯೫೪ರವರೆಗೆ ಹುಟ್ಟಿದವರ ತೂಕವನ್ನು ಬರೆದಿಟ್ಟಿದ್ದರು. ಅವರಲ್ಲಿ ೫೧೭ ಮಂದಿಯನ್ನು ನಡುವಯಸ್ಸು ದಾಟಿದ ಮೇಲೆ ಪತ್ತೆಹಚ್ಚಿ ಪರೀಕ್ಷಿಸಿದ ಫಲವು ೧೯೯೬ರಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋಗ್ರಾಮಿಗಿಂತ ಹೆಚ್ಚಿಲ್ಲದೆ ಹುಟ್ಟಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು. ಮೂರು ಕಿಲೋಗ್ರಾಮಿಗಿಂತ ಮಿಗಿಲಾಗಿ ಹುಟ್ಟಿದವರಲ್ಲಿ ನೂರಕ್ಕೆ ೩ ಮಂದಿಗೆ. ಈ ಅಧ್ಯಯನಕ್ಕೂ ಗಾಳಿಗೂ ಸಂಬಂಧವಿಲ್ಲ. ಒಡಲಿನಲ್ಲಿ ಆದ ಕೊರತೆ ಐವತ್ತು ವರ್ಷಗಳ ಮೇಲೆ ಎದೆಯಲ್ಲಿ ಕಾಣಿಸಿಕೊಳ್ಳಬಹುದೆಂಬುದನ್ನು ಅದು ತೋರಿಸುತ್ತದೆ.

ಕಾರಣವೋ, ಜೊತೆಗಾರನೋ?

ವಿಜ್ಞಾನದ ವಿದ್ಯಾರ್ಥಿ ಇಲ್ಲಿ ತಡೆದು ಒಂದು ಪ್ರಶ್ನೆ ಹಾಕಬೇಕು. ಹೊಗೆಯ ಬೀದಿಯಲ್ಲಿ ವಾಸಿಸುವವರು ಬಹುಮಟ್ಟಿಗೆ ಬಡವರು. ಅವರ ಊಟ ಕಡಮೆ, ದುಡಿಮೆ ಹೆಚ್ಚು. ಕೂಸಿನ ತೂಕ ತಗ್ಗಿದ್ದು ಹೊಗೆಯಿಂದಲೋ, ಬಡತನದಿಂದಲೋ? ಗರ್ಭಿಣಿಯರಿಗೆ ಹೊಗೆ ಕುಡಿಸಿ ಪ್ರಯೋಗ ನಡೆಸಲು ಯಾರಿಗೂ ಅಧಿಕಾರವಿಲ್ಲ. ಆದುದರಿಂದ ಲೋಕದಲ್ಲಿ ತಾನಾಗಿ ಒದಗಿದ ಪ್ರಯೋಗಗಳನ್ನು ವಿಜ್ಞಾನಿಗಳು ಹುಡುಕುತ್ತಾರೆ.

೨೦೦೮ರಲ್ಲಿ ಬೀಜಿಂಗಿನಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಾಗ ಸರ್ಕಾರವು ಕೆಲವು ವಾರಗಳ ಕಾಲ ವಾಹನಗಳನ್ನೂ ಕಾರ್ಖಾನೆಗಳನ್ನೂ ಹತೋಟಿಯಲ್ಲಿಟ್ಟಿತು. ಆ ದಿನಗಳಲ್ಲಿ ಎಂಟನೆಯ ತಿಂಗಳಿನಲ್ಲಿದ್ದ ತಾಯಂದಿರ ಕೂಸುಗಳು, ಹಿಂದಿನ ಮತ್ತು ಮುಂದಿನ ವರ್ಷಗಳ ಅದೇ ದಿನಗಳ ಕೂಸುಗಳಿಗಿಂತ ಸರಾಸರಿ ೨೩ ಗ್ರಾಂ ಹೆಚ್ಚು ತೂಗಿದುವು. ಅಮೆರಿಕದ ನ್ಯೂಜೆರ್ಸಿ, ಪೆನ್ಸಿಲ್ವೇನಿಯಗಳಲ್ಲಿ ಸುಂಕದ ಕಟ್ಟೆಗಳಲ್ಲಿ ವಾಹನ ನಿಲ್ಲದೆಯೇ ಹಣ ಸಂದಾಯವಾಗುವ ಏರ್ಪಾಡು ಬಂದಾಗ ಅಲ್ಲಿನ ಹೊಗೆ ತಗ್ಗಿತು. ಕಟ್ಟೆಗೆ ೨ ಕಿಲೋಮೀಟರಿನೊಳಗೆ ವಾಸಿಸುವವರಲ್ಲಿ ದಿನ ತುಂಬದ ಹೆರಿಗೆಗಳು, ಸ್ವಲ್ಪ ದೂರದಲ್ಲಿದ್ದವರಿಗೆ ಹೋಲಿಸಿದರೆ, ನೂರಕ್ಕೆ ಸುಮಾರು ೧೧ರಷ್ಟು ಇಳಿದುವು. ಆ ತಾಯಂದಿರ ಊಟವಾಗಲಿ ವರಮಾನವಾಗಲಿ ಅದರಿಂದ ಬದಲಾಗಲಿಲ್ಲ, ಬದಲಾದದ್ದು ಗಾಳಿ.

ಎದುರು ಸಾಕ್ಷ್ಯವನ್ನೂ ಮುಚ್ಚಿಡಬಾರದು. ತಮಿಳುನಾಡು, ಗ್ವಾಟೆಮಾಲ, ಪೆರು, ರುವಾಂಡಗಳಲ್ಲಿ ಸುಮಾರು ೩,೨೦೦ ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ಸೌದೆಯ ಒಲೆಗೆ ಬದಲು ಅನಿಲದ ಒಲೆ ಕೊಟ್ಟು ನೋಡಿದರು. ಅವರು ಸೇವಿಸುವ ಕಣಗಳು ಬಹಳ ತಗ್ಗಿದುವು. ೨೦೨೨ರಲ್ಲಿ ಬಂದ ಫಲಿತಾಂಶದಲ್ಲಿ ಕೂಸುಗಳ ತೂಕದ ವ್ಯತ್ಯಾಸ ಸುಮಾರು ೨೦ ಗ್ರಾಂ ಮಾತ್ರ. ಅದು ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳುವಷ್ಟು ದೊಡ್ಡದಲ್ಲ. ಒಲೆಗಳು ಕೈಸೇರುವಷ್ಟರಲ್ಲಿ ಬಸಿರು ಎರಡು ತಿಂಗಳನ್ನು ದಾಟಿತ್ತು. ಕೆಲವರಿಗೆ ನಾಲ್ಕು ತಿಂಗಳೂ ಕಳೆದಿತ್ತು. ಮಾಸು ಬೇರೂರುವ ಮೊದಲ ವಾರಗಳ ಹೊಗೆಯೇ ಹೆಚ್ಚು ಕೇಡಿನದಾಗಿರಬಹುದೆಂಬುದು ಒಂದು ವಿವರಣೆ. ಹಾಗಿದ್ದರೆ ಬಸಿರಾದ ಮೇಲೆ ಎಚ್ಚರಗೊಂಡರೆ ಸಾಲದು. ಊರಿನ ಗಾಳಿ ಎಲ್ಲ ಕಾಲದಲ್ಲಿಯೂ ಚೆನ್ನಾಗಿರಬೇಕು.

ಮಾಡಬೇಕಾದದ್ದು

ಈ ಮಾತಿನಿಂದ ಮುಖ್ಯವಾದ ಒಂದು ತೀರ್ಮಾನ ಹೊರಡುತ್ತದೆ. ನೀರನ್ನು ಕಾಯಿಸಿ ಕುಡಿಯಬಹುದು, ಆಹಾರವನ್ನು ಆರಿಸಿ ತಿನ್ನಬಹುದು. ಗಾಳಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಯಾವ ತಾಯಿಗೂ ಇಲ್ಲ. ಕೂಸು ಬಡವಾದರೆ ಮನೆಯವರು ಹೆಂಗಸಿನ ಮೇಲೆ ತಪ್ಪು ಹೊರಿಸುವುದು ನಮ್ಮಲ್ಲಿ ಹಳೆಯ ಚಾಳಿ. ಗಾಳಿಯ ವಿಷಯದಲ್ಲಿ ಆ ತಪ್ಪು ಆಕೆಯದಲ್ಲ, ಊರಿನದು.

ಊರು ಮನಸ್ಸು ಮಾಡಿದರೆ ಗಾಳಿ ಸುಧಾರಿಸುವುದೆಂಬುದಕ್ಕೆ ಅನುಭವವೇ ಸಾಕ್ಷಿ. ಮಾಸನ್ನು ದಾಟಬಲ್ಲ ಸೀಸವನ್ನು ೨೦೦೦ದಲ್ಲಿ ಭಾರತದ ಪೆಟ್ರೋಲಿನಿಂದ ತೆಗೆದುಹಾಕಲಾಯಿತು. ೨೦೨೦ರ ಏಪ್ರಿಲಿನಿಂದ ದೇಶದ ಇಂಧನದಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ ೫೦ ಭಾಗದಿಂದ ೧೦ಕ್ಕೆ ಇಳಿದಿದೆ. ೨೦೧೭ರಿಂದ ಮೆಟ್ರೋ ರೈಲು ಮಲ್ಲೇಶ್ವರದ ಸಂಪಿಗೆ ರಸ್ತೆಯನ್ನೂ ಮಾರುಕಟ್ಟೆಯನ್ನೂ ಬಸವನಗುಡಿಯ ನ್ಯಾಷನಲ್ ಕಾಲೇಜನ್ನೂ ಬೀದಿಯಲ್ಲಿ ಹೊಗೆಯುಗುಳದೆ ಜೋಡಿಸಿದೆ. ಇನ್ನು ಸಾಲುಮರಗಳು: ೨೦೧೩ರಲ್ಲಿ ಪ್ರಕಟವಾದ ಬೆಂಗಳೂರಿನದೇ ಒಂದು ಅಧ್ಯಯನದಲ್ಲಿ, ಮರಗಳಿದ್ದ ರಸ್ತೆಯ ತುಣುಕುಗಳಲ್ಲಿ ನೂರಕ್ಕೆ ೮೦ರಲ್ಲಿ ತೇಲುವ ಕಣಗಳು ಮಿತಿಯೊಳಗಿದ್ದುವು, ಬಯಲು ರಸ್ತೆಗಳಲ್ಲಿ ಅರ್ಧದಷ್ಟರಲ್ಲಿ ಅವು ಮಿತಿಯ ಹೆಚ್ಚುಕಡಮೆ ಎರಡರಷ್ಟಿದ್ದುವು. ಇಕ್ಕಟ್ಟಾದ ಬೀದಿಯಲ್ಲಿ ದಟ್ಟವಾದ ಮರಗಳು ಹೊಗೆಯನ್ನು ಕೆಳಗೇ ಹಿಡಿಯುವುದೂ ಉಂಟು. ಆದುದರಿಂದ ಮರವು ಸಹಾಯಕ. ಹೊಗೆಯನ್ನು ಅದು ಹುಟ್ಟುವಲ್ಲಿಯೇ ತಡೆಯುವುದೇ ಪರಿಹಾರ.

ಮನೆಯವರ ಕೈಯಲ್ಲಿಯೂ ಕೆಲವು ಕೆಲಸಗಳಿವೆ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ, ಊದಿನಕಡ್ಡಿಗಳನ್ನು ಉರಿಸದಿರುವುದು. ಒಗ್ಗರಣೆಯ ವೇಳೆ ಕಿಟಕಿ ತೆರೆಯುವುದು. ಗರ್ಭಿಣಿಯ ಬಳಿ ಬೀಡಿ ಸಿಗರೇಟು ಸೇದದಿರುವುದು. ಕಸಕ್ಕೆ ಬೆಂಕಿ ಹಚ್ಚದಿರುವುದು. ನಡೆಯಬೇಕಾದಾಗ ಮುಖ್ಯರಸ್ತೆಯನ್ನು ಬಿಟ್ಟು ಒಳಬೀದಿಯನ್ನು ಹಿಡಿಯುವುದು. ಪೌಷ್ಟಿಕವಾದ ಆಹಾರ, ರಕ್ತಹೀನತೆಗೆ ಚಿಕಿತ್ಸೆ, ಕ್ರಮವಾದ ತಪಾಸಣೆ, ಇವು ಗಾಳಿಯ ಕೇಡಿಗೂ ಒಂದು ಮಟ್ಟಿನ ತಡೆ.

ಮಾಡಿ ನೋಡಿ

ಎರಡು ಗಾಜಿನ ತುಂಡುಗಳಿಗೆ ವ್ಯಾಸಲೀನನ್ನು ತೆಳ್ಳಗೆ ಸವರಿ, ಒಂದನ್ನು ಮುಖ್ಯರಸ್ತೆಯ ಕಡೆಯ ಕಿಟಕಿಯಲ್ಲಿ, ಇನ್ನೊಂದನ್ನು ಒಳಬೀದಿಯ ಮನೆಯ ಕಿಟಕಿಯಲ್ಲಿ, ಒಂದು ವಾರ ಇಡಿ. ಬಳಿಕ ಬಿಳಿಯ ಕಾಗದದ ಮೇಲಿಟ್ಟು ಭೂತಗನ್ನಡಿಯಿಂದ ನೋಡಿ ಹೋಲಿಸಿ. ಆ ದಿನಗಳಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಹತ್ತಿರದ ಕೇಂದ್ರ ಪ್ರಕಟಿಸುವ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಗಾಜಿಗೆ ಅಂಟಿರುವುದು ದಪ್ಪ ದೂಳು ಮಾತ್ರ. ಮಾಸನ್ನು ಮುಟ್ಟುವ ಮಸಿ ಅದರಲ್ಲಿ ಕಾಣಿಸದು. ಅದನ್ನು ತಿಳಿಯಲು ಅಂಕಿಗಳನ್ನೇ ಓದಬೇಕು. ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಈ ಬಡಾವಣೆಗಳನ್ನು ಗೆರೆ ಎಳೆದು ರೂಪಿಸಿದವರಿಗೆ ಇಂಥ ಅಂಕಿಗಳಿರಲಿಲ್ಲ. ಆದರೂ ಜನರಿಗೆ ಒಳ್ಳೆಯ ಗಾಳಿ ಬೇಕೆಂದು ಅವರು ರಸ್ತೆಗಳನ್ನು ಅಗಲಮಾಡಿ ಮರ ನೆಟ್ಟರು. ಅಂಕಿಗಳು ಕೈಯಲ್ಲಿರುವ ನಮ್ಮ ಹೊಣೆ ಅದಕ್ಕಿಂತ ಕಡಮೆಯದಲ್ಲ.